ನಿಮಗಿದು ಗೊತ್ತೇ? ನಡುಮನೆಯಲ್ಲೇ ಹಾರುತ್ತದೆ ಹೆಲಿಕಾಪ್ಟರ್!

ಆಟಿಕೆ ಅಂಗಡಿಯಲ್ಲಿ ಸಿಗುವ ಪುಟ್ಟ ರಿಮೋಟ್ ಹೆಲಿಕಾಪ್ಟರನ್ನು ಒಮ್ಮೆ ಕೈಗೆತ್ತಿಕೊಳ್ಳಿ. ಬಾಲದ ತುದಿ ನೋಡಿ. ಅಲ್ಲೊಂದು ಪುಟಾಣಿ ಫ್ಯಾನ್ ಇದೆಯಲ್ಲ, ಅದು ಯಾವ ಕಡೆಗೆ ಮುಖ ಮಾಡಿದೆ? ಆಕಾಶಕ್ಕೆ! ಆ ಫ್ಯಾನ್ ಒಂದು ದಿಕ್ಕಿಗೆ ತಿರುಗಿದರೆ ಬಾಲ ಮೇಲೇಳುತ್ತದೆ, ಮೂಗು ತಗ್ಗುತ್ತದೆ, ಹೆಲಿಕಾಪ್ಟರ್ ಮುಂದಕ್ಕೆ ಓಡುತ್ತದೆ. ಉಲ್ಟಾ ತಿರುಗಿದರೆ ಹಿಂದಕ್ಕೆ ಬರುತ್ತದೆ. ಎಡಕ್ಕೋ ಬಲಕ್ಕೋ ತಿರುಗುವುದಕ್ಕೂ ಈ ಫ್ಯಾನಿಗೂ ಸಂಬಂಧವೇ ಇಲ್ಲ!

ಈಗ ನಮ್ಮ ಬೆಂಗಳೂರಿನ ಎಚ್‌ಎಎಲ್ ಕಟ್ಟಿದ 'ಧ್ರುವ' ನೆನಪಿಸಿಕೊಳ್ಳಿ. ಯಲಹಂಕದ ಏರ್ ಶೋದಲ್ಲಿ 'ಸಾರಂಗ್' ತಂಡ ಹಾರಿಸುವುದು ಇದನ್ನೇ. 1992ರ ಆಗಸ್ಟ್ 20ರಂದು ಮೊದಲ ಸಲ ಹಾರಿತು. ಅದರ ಬಾಲದ ಫ್ಯಾನ್ ಪಕ್ಕಕ್ಕೆ ಮುಖ ಮಾಡಿದೆ. ಏಕೆಂದರೆ ಮೇಲಿನ ದೊಡ್ಡ ರೆಕ್ಕೆ ಒಂದು ಕಡೆ ತಿರುಗಿದರೆ ಮೈ ಇನ್ನೊಂದು ಕಡೆ ತಿರುಗಲು ಹವಣಿಸುತ್ತದೆ. ಬಾಲದ ಫ್ಯಾನ್ ಗಾಳಿಯನ್ನು ಪಕ್ಕಕ್ಕೆ ತಳ್ಳಿ ಅದನ್ನು ತಡೆಯುತ್ತದೆ. ಆ ಫ್ಯಾನ್ ಇಲ್ಲದಿದ್ದರೆ ಧ್ರುವ ನಿಂತಲ್ಲೇ ಗಿರಗಿರ!

ನಿಮ್ಮ ಆಟಿಕೆಗೆ ಆ ಚಿಂತೆಯೇ ಇಲ್ಲ. ಅದರ ನೆತ್ತಿಯ ಮೇಲೆ ರೆಕ್ಕೆಗಳ ಎರಡು ಜೋಡಿ ಒಂದರ ಮೇಲೊಂದು ಕೂತಿವೆ. ಮೇಲಿನದು ಒಂದು ದಿಕ್ಕಿಗೆ, ಕೆಳಗಿನದು ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಒಂದರ ಎಳೆತವನ್ನು ಇನ್ನೊಂದು ನುಂಗಿಹಾಕುತ್ತದೆ, ಮೈ ಅಲುಗದೆ ನಿಲ್ಲುತ್ತದೆ. ಇದಕ್ಕೆ 'ಕೋಆಕ್ಸಿಯಲ್' ಅನ್ನುತ್ತಾರೆ. ಅಂಗಡಿಗೆ ಹೋದಾಗ ಈ ಒಂದು ಮಾತು ಮರೆಯಬೇಡಿ. ಮೊದಲ ಹೆಲಿಕಾಪ್ಟರಿಗೆ ಎರಡಂತಸ್ತಿನ ರೆಕ್ಕೆ ಇರಲೇಬೇಕು!

ಹಾಗಾದರೆ ಅದು ಎಡಕ್ಕೆ, ಬಲಕ್ಕೆ ತಿರುಗುವುದು ಹೇಗೆ? ಒಂದು ಜೋಡಿ ಚೂರು ಜೋರಾಗುತ್ತದೆ, ಇನ್ನೊಂದು ಚೂರು ನಿಧಾನವಾಗುತ್ತದೆ. ಅಷ್ಟೇ! ಎತ್ತುವ ಶಕ್ತಿ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ, ಮೂಗು ಮಾತ್ರ ತಿರುಗುತ್ತದೆ.

ಇದು ಹೊಸ ಉಪಾಯ ಅಂದುಕೊಂಡಿರಾ? 1754ರಲ್ಲೇ ರಷ್ಯಾದ ಮಿಖಾಯಿಲ್ ಲೊಮೊನೊಸೊವ್ ಗಡಿಯಾರದ ಸ್ಪ್ರಿಂಗಿನಿಂದ ತಿರುಗುವ ಇಂಥದೇ ಜೋಡಿ ರೆಕ್ಕೆಯ ಮಾದರಿ ಮಾಡಿ ಅಲ್ಲಿನ ವಿಜ್ಞಾನ ಅಕಾಡೆಮಿಗೆ ತೋರಿಸಿದ್ದರು. 1784ರಲ್ಲಿ ಫ್ರಾನ್ಸಿನ ಲೋನ್ವಾ ಮತ್ತು ಬಿಯಾನ್‌ವನು ಎಂಬಿಬ್ಬರು ಇನ್ನೊಂದನ್ನು ಮಾಡಿದರು. ಅದರ ರೆಕ್ಕೆಗಳು ಯಾವುದರವು ಗೊತ್ತೇ? ಟರ್ಕಿ ಕೋಳಿಯ ಗರಿಗಳು! ಎರಡೂ ಆಟಿಕೆಯಷ್ಟು ಚಿಕ್ಕವು. ಮನುಷ್ಯ ಕೂತು ಹಾರುವ ಹೆಲಿಕಾಪ್ಟರ್ ಬಂದದ್ದು ಅವೆಲ್ಲ ಆಗಿ ನೂರು ವರ್ಷ ದಾಟಿದ ಮೇಲೆ.

ನಮ್ಮ ನೌಕಾಪಡೆಯ ಕಾಮೊವ್-31 ಹೆಲಿಕಾಪ್ಟರನ್ನು ಚಿತ್ರದಲ್ಲಾದರೂ ನೋಡಿ. ಅದಕ್ಕೂ ಎರಡಂತಸ್ತಿನ ರೆಕ್ಕೆ. ಬಾಲದಲ್ಲಿ ಫ್ಯಾನೇ ಇಲ್ಲ! ಬಾಲ ಗಿಡ್ಡ ಇದ್ದಷ್ಟೂ ಹಡಗಿನ ಇಕ್ಕಟ್ಟಿನಲ್ಲಿ ನಿಲ್ಲಿಸುವುದು ಸುಲಭ ನೋಡಿ.

ಇನ್ನೂ ದೂರ ಹೋಗೋಣವೇ? ಮಂಗಳ ಗ್ರಹಕ್ಕೆ! 2021ರ ಏಪ್ರಿಲ್ 19ರಂದು ಅಲ್ಲಿ ಹಾರಿದ ನಾಸಾದ 'ಇಂಜೆನ್ಯುಯಿಟಿ' ಕೂಡ ಕೋಆಕ್ಸಿಯಲ್ಲೇ. ತೂಕ ಬರೀ 1.8 ಕಿಲೋ. ಮೊದಲ ಹಾರಾಟದಲ್ಲಿ 3 ಮೀಟರ್ ಏರಿತು, 39 ಸೆಕೆಂಡು ಗಾಳಿಯಲ್ಲಿತ್ತು. ಆ ಯೋಜನೆಯ ಮುಖ್ಯ ಎಂಜಿನಿಯರ್ ಬಾಬ್ ಬಲರಾಮ್ ಓದಿದ್ದು ಮದ್ರಾಸ್ ಐಐಟಿಯಲ್ಲಿ! ಭೂಮಿಯಿಂದ ಹೊರಟ ಸಂಕೇತ ಮಂಗಳ ಮುಟ್ಟಲು ನಿಮಿಷಗಳೇ ಬೇಕು. ಹಾಗಾಗಿ ಅದನ್ನು ಇಲ್ಲಿಂದ ರಿಮೋಟ್ ಹಿಡಿದು ಆಡಿಸಲಾಗದು, ತಾನೇ ನೋಡಿಕೊಂಡು ಹಾರಬೇಕು. ಒಟ್ಟು 72 ಸಲ ಹಾರಿತು. ಅದಕ್ಕೆ ರೈಟ್ ಸಹೋದರರ ವಿಮಾನದ ಬಟ್ಟೆಯ ಚೂರೊಂದನ್ನು ಅಂಟಿಸಿ ಕಳಿಸಿದ್ದರು.

ರೈಟ್ ಸಹೋದರರ ವಿಷಯ ಬಂತಲ್ಲ, ಇದನ್ನು ಕೇಳಿ. 1878ರಲ್ಲಿ ಅವರ ಅಪ್ಪ ಊರಿಂದ ಬರುವಾಗ ಮಕ್ಕಳಿಗೊಂದು ಆಟಿಕೆ ತಂದರು. ಬಿದಿರು, ಬೆಂಡು, ಕಾಗದ, ರಬ್ಬರ್ ಬ್ಯಾಂಡ್. ರಬ್ಬರನ್ನು ಹುರಿ ಮಾಡಿ ಬಿಟ್ಟರೆ ಸೂರಿನವರೆಗೆ ಹಾರುವ ಪುಟ್ಟ ಹೆಲಿಕಾಪ್ಟರ್! ಹುಡುಗರು ಅದಕ್ಕೆ 'ಬಾವಲಿ' ಎಂದು ಹೆಸರಿಟ್ಟರು. ಮುರಿದುಹೋದ ಮೇಲೆ ತಾವೇ ಮಾಡಿಕೊಂಡರು. ಹಾರುವ ಹುಚ್ಚು ಹಿಡಿದದ್ದೇ ಅಲ್ಲಿಂದ ಎಂದು ಮುಂದೆ ಹೇಳಿಕೊಂಡರು. ಮನೆಯೊಳಗೆ ಹಾರುವ ಆಟಿಕೆಯ ತಾಕತ್ತು ಎಷ್ಟು ನೋಡಿ!

ಈಗ ಡಬ್ಬಿಯ ಮೇಲಿನ ಬರಹಕ್ಕೆ ಬನ್ನಿ. 2 ಚಾನೆಲ್, 3 ಚಾನೆಲ್, 3.5 ಚಾನೆಲ್, 4, 6 ಎಂದೆಲ್ಲ ಬರೆದಿರುತ್ತದೆ. ಟಿವಿಯ ಚಾನೆಲ್ಲಿಗೂ ಇದಕ್ಕೂ ಸಂಬಂಧವಿಲ್ಲ. ನೀವು ಹೆಲಿಕಾಪ್ಟರಿಗೆ ಕೊಡಬಲ್ಲ ಬೇರೆ ಬೇರೆ ಅಪ್ಪಣೆಗಳ ಸಂಖ್ಯೆ ಅದು!

2 ಚಾನೆಲ್ ಅಂದರೆ ಏರು-ಇಳಿ ಒಂದು, ಎಡ-ಬಲ ಇನ್ನೊಂದು. ಮುಂದೆ ಹೋಗು ಎನ್ನುವ ಅಪ್ಪಣೆಯೇ ಇಲ್ಲ! 2006ರಲ್ಲಿ ಹಾಂಗ್‌ಕಾಂಗಿನ ಸಿಲ್ವರ್‌ಲಿಟ್ ಕಂಪನಿ ತಂದ 'ಪಿಕೂ ಝೀ' ಇಂಥದು. ತೂಕ ಸುಮಾರು 10 ಗ್ರಾಮ್. ಮೈಯೆಲ್ಲ ಫೋಮು. ಮುಂದಕ್ಕೆ ಸರಿಯಬೇಕೆಂದರೆ ಮೂಗಿಗೆ ಪುಟ್ಟದೊಂದು ತೂಕ ಅಂಟಿಸಬೇಕು! ಆಮೇಲೆ ಅದು ಹೊರಟ ದಾರಿಯೇ ದಾರಿ.

3 ಚಾನೆಲ್ಲಿನಲ್ಲಿ ಹಿಂದೆ-ಮುಂದೆಯೂ ನಿಮ್ಮ ಕೈಯಲ್ಲಿ. ಹೊಸಬರಿಗೆ ಇದೇ ಸರಿ. ಲಕ್ಷಾಂತರ ಮಂದಿಯ ಮೊದಲ ಹೆಲಿಕಾಪ್ಟರ್ ಆಗಿದ್ದ 'ಸೈಮಾ ಎಸ್107' ಇದೇ ಬಗೆಯದು. ಲೋಹದ ಚೌಕಟ್ಟು, ತೂಕ 40 ಗ್ರಾಮಿನ ಆಸುಪಾಸು, ಎರಡಂತಸ್ತಿನ ರೆಕ್ಕೆ. ಬಿದ್ದರೂ ಎದ್ದು ಹಾರುತ್ತದೆ ಎಂದೇ ಹೆಸರುವಾಸಿ!

ಇನ್ನು 3.5 ಚಾನೆಲ್. ಅರ್ಧ ಅಪ್ಪಣೆ ಅಂದರೆ ಏನು? ಬಹಳ ಸಲ ಅದು ಬರೀ ಡಬ್ಬಿ ಮಾರುವ ಲೆಕ್ಕ. ಒಬ್ಬರು ಸಮತೋಲ ಕಾಯುವ ಗೈರೋ ಇದೆ ಎಂದು ಅರ್ಧ ಸೇರಿಸುತ್ತಾರೆ, ಇನ್ನೊಬ್ಬರು ದೀಪ ಇದೆ ಎಂದು. ಆ ಅರ್ಧಕ್ಕಾಗಿ ಹೆಚ್ಚು ದುಡ್ಡು ಕೊಡಬೇಡಿ.

6 ಚಾನೆಲ್ಲಿನದು ತಲೆಕೆಳಗಾಗಿಯೂ ಹಾರುತ್ತದೆ! ಹಾರುತ್ತಿರುವಾಗಲೇ ರೆಕ್ಕೆಯ ಓರೆಯನ್ನು ಉಲ್ಟಾ ಮಾಡಬಲ್ಲದು. ನೋಡಲು ಅದ್ಭುತ. ಆದರೆ ನಡುಮನೆಗೆ, ಅದೂ ಮೊದಲ ದಿನವೇ, ದಯವಿಟ್ಟು ಬೇಡ. ಒಂದೇ ಅಂತಸ್ತಿನ ರೆಕ್ಕೆಯ 4 ಚಾನೆಲ್ಲಿನದು ನಡುವಿನ ಮೆಟ್ಟಿಲು. ಅದು ಪಕ್ಕಕ್ಕೂ ಜಾರುತ್ತದೆ. ಆರು ತಿಂಗಳು ಬಿಟ್ಟು ತನ್ನಿ, ಕೈ ಕುದುರಿರುತ್ತದೆ.

ಆಟಿಕೆಯ ನೆತ್ತಿಯ ಮೇಲೆ ಅಡ್ಡಲಾಗಿ ಒಂದು ಕಡ್ಡಿ, ಅದರ ಎರಡು ತುದಿಗೂ ಗುಂಡು ತೂಕ. ನೋಡಿದ್ದೀರಲ್ಲ? ಶೋಕಿಗೆ ಇಟ್ಟದ್ದಲ್ಲ ಅದು! ಮೈ ವಾಲಿದರೂ ಆ ಕಡ್ಡಿ ತನ್ನ ಸಮತಲ ಬಿಡಲು ಒಪ್ಪುವುದಿಲ್ಲ. ಮೇಲಿನ ರೆಕ್ಕೆಯನ್ನೂ ತನ್ನ ಜೊತೆಗೇ ಎಳೆದುಕೊಳ್ಳುತ್ತದೆ, ಹೆಲಿಕಾಪ್ಟರ್ ಮತ್ತೆ ನೆಟ್ಟಗಾಗುತ್ತದೆ. ಈ ತತ್ವವನ್ನು ನಿಜ ಹೆಲಿಕಾಪ್ಟರಿಗೆ ತಂದವರು ಅಮೆರಿಕದ ಆರ್ಥರ್ ಯಂಗ್. ಎಲ್ಲಿ ಕಂಡುಕೊಂಡರು? ಪೆನ್ಸಿಲ್ವೇನಿಯಾದ ಒಂದು ಕೊಟ್ಟಿಗೆಯಲ್ಲಿ, ವಿದ್ಯುತ್ ಮೋಟರಿನ ಮಾದರಿ ಹೆಲಿಕಾಪ್ಟರ್ ಹಾರಿಸುತ್ತಾ! 1941ರಲ್ಲಿ ಆ ಮಾದರಿಯನ್ನು ಬೆಲ್ ಕಂಪನಿಗೆ ತೋರಿಸಿದರು. ಅದರಿಂದ ಹುಟ್ಟಿದ ಬೆಲ್-47ಕ್ಕೆ 1946ರ ಮಾರ್ಚ್ 8ರಂದು ನಾಗರಿಕ ಬಳಕೆಗೆ ಅನುಮತಿ ಸಿಕ್ಕಿತು. ಜಗತ್ತಿನಲ್ಲಿ ಹಾಗೆ ಅನುಮತಿ ಪಡೆದ ಮೊದಲ ಹೆಲಿಕಾಪ್ಟರ್ ಅದು. ಇವತ್ತು ಒಂದು ಬೆಲ್-47 ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಸೊತ್ತು. ಚಿತ್ರ, ಶಿಲ್ಪಗಳ ನಡುವೆ ಒಂದು ಹೆಲಿಕಾಪ್ಟರ್!

ಆಟಿಕೆ ಸೇನೆ ಸೇರಿದ ಕಥೆಯೂ ಇದೆ. ನಾರ್ವೆಯ ಪೆಟರ್ ಮುರೆನ್ ಎರಡಂತಸ್ತಿನ ರೆಕ್ಕೆ ತಾನಾಗಿ ಸ್ಥಿರವಾಗಿ ನಿಲ್ಲುವ ವ್ಯವಸ್ಥೆ ಮಾಡಿ ಆಟಿಕೆ ಕಂಪನಿಗಳಿಗೆ ಕೊಟ್ಟರು. ಬರೀ 3.3 ಗ್ರಾಮಿನ ರಿಮೋಟ್ ಹೆಲಿಕಾಪ್ಟರನ್ನೂ ಹಾರಿಸಿದರು. ಒಂದು ಚಮಚ ಸಕ್ಕರೆಯಷ್ಟೂ ತೂಕವಿಲ್ಲ! ಅದೇ ಮನುಷ್ಯ ಮುಂದೆ ಕಟ್ಟಿದ ಕಂಪನಿ ತಂದದ್ದೇ 'ಬ್ಲ್ಯಾಕ್ ಹಾರ್ನೆಟ್', ಅಂಗೈಯಲ್ಲಿ ಕೂರುವ ಬೇಹುಗಾರ ಹೆಲಿಕಾಪ್ಟರ್. ಬ್ರಿಟಿಷ್ ಸೈನಿಕರು ಅದನ್ನು ಅಫ್ಘಾನಿಸ್ತಾನದಲ್ಲಿ ಗೋಡೆಯಾಚೆ ಇಣುಕಿ ನೋಡಲು ಬಳಸಿದರು.

ರಿಮೋಟಿನ ಮೂತಿಯನ್ನು ಮೊಬೈಲ್ ಕ್ಯಾಮೆರಾಕ್ಕೆ ಹಿಡಿದು ನೋಡಿದ್ದೀರಾ? ಇವತ್ತೇ ನೋಡಿ. ಅಗ್ಗದ ಹೆಲಿಕಾಪ್ಟರುಗಳ ರಿಮೋಟು ಟಿವಿ ರಿಮೋಟಿನ ಹಾಗೆ ಅತಿಗೆಂಪು ಬೆಳಕಿನಿಂದ ಮಾತಾಡುತ್ತದೆ. ಕಣ್ಣಿಗೆ ಏನೂ ಕಾಣದು. ಬಹುತೇಕ ಫೋನುಗಳ ಪರದೆಯಲ್ಲಿ ಮಾತ್ರ ನೇರಳೆ ದೀಪ ಮಿಣಮಿಣ! ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ದರೆ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ. ರಿಮೋಟು ಕೆಟ್ಟಿದೆಯೋ ಹೆಲಿಕಾಪ್ಟರ್ ಕೆಟ್ಟಿದೆಯೋ ಎಂದು ತಿಳಿಯಲು ಇಷ್ಟು ಸಾಕು.

ಇದೇ ಕಾರಣಕ್ಕೆ ಅದಕ್ಕೆ ಬಿಸಿಲು ಆಗುವುದಿಲ್ಲ! ಸೂರ್ಯನ ಬೆಳಕಿನಲ್ಲೂ ಬೇಕಾದಷ್ಟು ಅತಿಗೆಂಪು ಇದೆ. ಆ ಗದ್ದಲದಲ್ಲಿ ಪಾಪ ಪುಟ್ಟ ರಿಮೋಟಿನ ಮಾತು ಕೇಳಿಸೀತೇ? ಕಿಟಕಿಯಿಂದ ಬಿದ್ದ ಬಿಸಿಲಿನ ಪಟ್ಟೆ ದಾಟುವಾಗ ಹೆಲಿಕಾಪ್ಟರ್ ತಟಕ್ಕನೆ ಕೈತಪ್ಪಿದರೆ ಗಾಬರಿಯಾಗಬೇಡಿ. ಪರದೆ ಎಳೆಯಿರಿ, ಇಲ್ಲವೇ ಸಂಜೆ ಹಾರಿಸಿ.

ಇನ್ನೊಂದು ಮೋಜು. ಈ ಬೆಳಕು ಗೋಡೆಗೆ ಬಡಿದು ಪುಟಿಯುತ್ತದೆ. ರಿಮೋಟನ್ನು ಬೇರೆ ಕಡೆ ಹಿಡಿದರೂ ಕೋಣೆಯೊಳಗೆ ಎಷ್ಟೋ ಸಲ ಹೆಲಿಕಾಪ್ಟರ್ ಮಾತು ಕೇಳುತ್ತದೆ! ಅಣ್ಣ-ತಂಗಿ ಒಟ್ಟಿಗೆ ಹಾರಿಸುವುದಾದರೆ ಒಂದು 'ಎ' ಬ್ಯಾಂಡಿನದು, ಇನ್ನೊಂದು 'ಬಿ' ಬ್ಯಾಂಡಿನದು ಕೊಳ್ಳಿ. ಎರಡೂ ಒಂದೇ ಆದರೆ ಒಬ್ಬರ ರಿಮೋಟಿಗೆ ಇನ್ನೊಬ್ಬರ ಹೆಲಿಕಾಪ್ಟರ್ ಕುಣಿಯುತ್ತದೆ.

ಸ್ವಲ್ಪ ದುಬಾರಿಯವು 2.4 ಗಿಗಾಹರ್ಟ್ಸ್ ರೇಡಿಯೋದವು. ಬಿಸಿಲಿನ ಭಯವಿಲ್ಲ. ಮನೆಯ ವೈಫೈ ಓಡುವುದೂ ಇದೇ ಬ್ಯಾಂಡಿನಲ್ಲಿ! ಗಲಾಟೆ ತಪ್ಪಿಸಲು ಅನೇಕ ರಿಮೋಟುಗಳು ಒಂದು ತರಂಗಾಂತರದಿಂದ ಇನ್ನೊಂದಕ್ಕೆ ಜಿಗಿಯುತ್ತಿರುತ್ತವೆ. ಇಂಥ ಜಿಗಿತದ ಉಪಾಯಕ್ಕೆ 1942ರಲ್ಲಿ ಪೇಟೆಂಟ್ ಪಡೆದವರಲ್ಲಿ ಒಬ್ಬರು ಯಾರು ಗೊತ್ತೇ? ಹಾಲಿವುಡ್ ನಟಿ ಹೆಡಿ ಲಮಾರ್! ಜೊತೆಗಿದ್ದವರು ಸಂಗೀತ ಸಂಯೋಜಕ ಜಾರ್ಜ್ ಆಂಥೈಲ್. ಅವರ ಯೋಚನೆಯಲ್ಲಿ ತರಂಗಾಂತರಗಳು 88, ಪಿಯಾನೋದ ಮನೆಗಳಷ್ಟೇ!

ಕೊಳ್ಳುವ ಮುನ್ನ ಡಬ್ಬಿಯ ಮೇಲೆ ಐಎಸ್‌ಐ ಗುರುತು ಹುಡುಕಿ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಅದು ಕಡ್ಡಾಯ. ಬಿಡಿ ರೆಕ್ಕೆಗಳು ಸಿಗುತ್ತವೆಯೇ ಎಂದೂ ಕೇಳಿ. ರೆಕ್ಕೆ ಮುರಿಯದೆ ಕಲಿತವರಿಲ್ಲ! ಪೈಲಟ್ ಲೈಸೆನ್ಸಿನ ಚಿಂತೆ ಬೇಡ. 2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಮಿನವರೆಗಿನವು 'ನ್ಯಾನೋ' ವರ್ಗ, ಅದಕ್ಕೆ ಪೈಲಟ್ ಪರವಾನಗಿ ಕೇಳುವುದಿಲ್ಲ. ನಿಮ್ಮದು 40 ಗ್ರಾಮಿನದು!

ಒಳಗಿರುವುದು ಲಿಥಿಯಂ ಪಾಲಿಮರ್ ಬ್ಯಾಟರಿ. ಒಂದು ಚಾರ್ಜಿಗೆ ಹಾರಾಟ ಆರೆಂಟು ನಿಮಿಷ, ಚಾರ್ಜಾಗಲು ಮುಕ್ಕಾಲು ಗಂಟೆ ಹತ್ತಿರ! ಹಾರಿ ಇಳಿದ ಕೂಡಲೇ ಚಾರ್ಜಿಗೆ ಹಾಕಬೇಡಿ. ಅದು ಬಿಸಿಯಾಗಿರುತ್ತದೆ, ಹತ್ತು ನಿಮಿಷ ತಣಿಯಲಿ. ಉಬ್ಬಿದ ಬ್ಯಾಟರಿಯನ್ನು ಮುಟ್ಟಿ ಹಿಚುಕುವುದಂತೂ ಖಂಡಿತ ಬೇಡ, ಬೆಂಕಿ ಹತ್ತಬಹುದು. ಚಾರ್ಜಿಗೆ ಹಾಕಿ ಮನೆ ಬೀಗ ಹಾಕಿಕೊಂಡು ಹೋಗುವುದೂ ಬೇಡ, ಹಾಸಿಗೆಯ ಮೇಲಿಡುವುದೂ ಬೇಡ.

ಸರಿ, ಹಾರಿಸೋಣ! ಮೊದಲು ಸೀಲಿಂಗ್ ಫ್ಯಾನ್ ಆಫ್. ಉದ್ದ ಕೂದಲಿದ್ದರೆ ಗಂಟು ಕಟ್ಟಿಕೊಳ್ಳಿ. ಹೆಲಿಕಾಪ್ಟರನ್ನು ಕೋಣೆಯ ನಟ್ಟನಡುವೆ ನೆಲದ ಮೇಲಿಡಿ, ಬಾಲ ನಿಮ್ಮ ಕಡೆಗಿರಲಿ.

ತುಂಬಾ ಜನ ಹೆದರಿ ನೆಲದಿಂದ ನಾಲ್ಕು ಬೆರಳು ಮೇಲಷ್ಟೇ ಎತ್ತುತ್ತಾರೆ. ಹಾರಿಸಲು ಕಷ್ಟವಾದ ಜಾಗ ಅದೇ! ರೆಕ್ಕೆ ಕೆಳಕ್ಕೆ ತಳ್ಳಿದ ಗಾಳಿ ನೆಲಕ್ಕೆ ಬಡಿದು ಅಲ್ಲೇ ಸುಳಿಯುತ್ತದೆ, ಹೆಲಿಕಾಪ್ಟರ್ ಆ ಸುಳಿಯಲ್ಲಿ ತೊನೆಯುತ್ತದೆ. ಧೈರ್ಯವಾಗಿ ಸೊಂಟದೆತ್ತರಕ್ಕೆ ಏರಿಸಿ. ತಟ್ಟನೆ ಶಾಂತವಾಗುತ್ತದೆ!

ಗೋಡೆಯ ಹತ್ತಿರ ಹೋದರೆ ಗೋಡೆಯೇ ಎಳೆದುಕೊಳ್ಳುವಂತೆ ಕಾಣುತ್ತದೆ. ಗೋಡೆಗೆ ಬಡಿದ ಗಾಳಿ ಸುತ್ತಿ ಬಂದು ಮತ್ತೆ ರೆಕ್ಕೆಯ ಮೇಲೇ ಬೀಳುತ್ತದೆ, ಆ ಬದಿಯ ಎತ್ತುವ ಬಲ ಕುಗ್ಗುತ್ತದೆ. ಸೂರು ಇನ್ನೂ ತಮಾಷೆ. ಸೂರಿಗೆ ತೀರಾ ಹತ್ತಿರ ಹೋದರೆ ಮೇಲಕ್ಕೆ ಹೀರಿಕೊಳ್ಳುತ್ತದೆ! ರೆಕ್ಕೆ ಮೇಲಿನ ಗಾಳಿಯನ್ನು ಎಳೆಯುತ್ತದೆ, ಅಲ್ಲಿ ಹೊಸ ಗಾಳಿ ಬರಲು ಜಾಗವಿಲ್ಲ, ಒತ್ತಡ ಇಳಿಯುತ್ತದೆ, ಹೆಲಿಕಾಪ್ಟರ್ ಸೂರಿಗೆ ಟಪ್ ಎಂದು ಬಡಿಯುತ್ತದೆ.

ರಿಮೋಟಿನಲ್ಲಿ ಎಡಗೈಯ ಸ್ಟಿಕ್ಕೇ ಎಲ್ಲದರ ತಾಯಿ. ಅದನ್ನು ತಳ್ಳಿದ ಒಂದು ಗಳಿಗೆ ಬಿಟ್ಟು ಹೆಲಿಕಾಪ್ಟರ್ ಏರುತ್ತದೆ. ಏಕೆಂದರೆ ರೆಕ್ಕೆಯ ವೇಗ ಹೆಚ್ಚಲು ಸಮಯ ಬೇಕು. ಧ್ರುವದಂಥ ನಿಜ ಹೆಲಿಕಾಪ್ಟರಿನಲ್ಲಿ ಹೀಗಿಲ್ಲ. ಅಲ್ಲಿ ರೆಕ್ಕೆ ಸುತ್ತುವ ವೇಗ ಏರುವಾಗಲೂ ಇಳಿಯುವಾಗಲೂ ಹೆಚ್ಚುಕಡಿಮೆ ಒಂದೇ! ಬದಲಾಗುವುದು ರೆಕ್ಕೆಯ ಓರೆ. ನಿಮ್ಮದು ತಡವಾಗಿ ಓಗೊಡುವುದರಿಂದ ಅದು ಬೀಳತೊಡಗಿದ ಮೇಲೆ ಸ್ಟಿಕ್ ತಳ್ಳಿದರೆ ತಡವಾಯಿತೆಂದೇ ಲೆಕ್ಕ. ಒಂದಿಷ್ಟು ಮುಂಚೆ, ಒಂದಿಷ್ಟೇ ತಳ್ಳಿ. ಹೆಬ್ಬೆರಳು ಅಕ್ಕಿಕಾಳಿನಷ್ಟು ಸರಿದರೆ ಸಾಕು. ಬ್ಯಾಟರಿ ಇಳಿದಂತೆಲ್ಲ ಸ್ಟಿಕ್ಕನ್ನು ಇನ್ನಷ್ಟು ಮೇಲಕ್ಕೆ ಹಿಡಿಯಬೇಕು ಎಂಬುದೂ ನೆನಪಿರಲಿ.

ಏನೂ ಮಾಡದೆಯೇ ಅದು ಒಂದೇ ಕಡೆಗೆ ಸುತ್ತುತ್ತಿದೆಯೇ? ರಿಮೋಟಿನಲ್ಲಿ 'ಟ್ರಿಮ್' ಎಂಬ ಗುಂಡಿ ಇರುತ್ತದೆ. ಸುತ್ತುವ ದಿಕ್ಕಿಗೆ ಎದುರಾಗಿ ಮೆಲ್ಲಗೆ ತಿರುವಿ. ನಿಂತುಬಿಡುತ್ತದೆ!

ಒಂದೇ ಜಾಗದಲ್ಲಿ ಗಾಳಿಯಲ್ಲಿ ನಿಲ್ಲಿಸುವುದೇ ಮೊದಲ ಪಾಠ, ದೊಡ್ಡ ಪಾಠವೂ ಅದೇ. ಅಮೆರಿಕದ ಸಿಕೋರ್ಸ್ಕಿ ಬಹುಮಾನ ಕೇಳಿದ್ದೂ ಇದನ್ನೇ. ಮನುಷ್ಯ ಪೆಡಲ್ ತುಳಿದೇ ಹಾರಿಸುವ ಹೆಲಿಕಾಪ್ಟರ್ 60 ಸೆಕೆಂಡು ಗಾಳಿಯಲ್ಲಿರಬೇಕು, 3 ಮೀಟರ್ ಏರಬೇಕು, 10 ಮೀಟರ್ ಚೌಕದಿಂದ ಆಚೆ ಜಾರಬಾರದು. 1980ರಲ್ಲಿ ಘೋಷಿಸಿದ ಬಹುಮಾನ ಯಾರಿಗಾದರೂ ಸಿಗಲು 33 ವರ್ಷ ಬೇಕಾಯಿತು! 2013ರಲ್ಲಿ ಕೆನಡಾದ ಏರೋವೆಲೊ ತಂಡ ಗೆದ್ದಿತು. ಎಲ್ಲಿ ಹಾರಿಸಿದರು? ಫುಟ್‌ಬಾಲ್ ಆಡುವ ಒಳಾಂಗಣದಲ್ಲಿ!

ಒಳಾಂಗಣ ಅಂದಾಗ ನೆನಪಾಯಿತು. 1938ರ ಫೆಬ್ರುವರಿಯಲ್ಲಿ ಜರ್ಮನಿಯ ಹನ್ನಾ ರೈಟ್ಶ್ ಬರ್ಲಿನ್ನಿನ ಡಾಯ್ಚ್‌ಲಾಂಡ್‌ಹಾಲೆ ಸಭಾಂಗಣದೊಳಗೆ ನಿಜವಾದ ಹೆಲಿಕಾಪ್ಟರನ್ನೇ ಹಾರಿಸಿದರು. ಸುತ್ತಲೂ ಸಾವಿರಾರು ಪ್ರೇಕ್ಷಕರು, ಮೇಲೆ ಸೂರು! ಆ ಫೋಕೆ-ವುಲ್ಫ್ 61ಕ್ಕೆ ಎಡಕ್ಕೊಂದು, ಬಲಕ್ಕೊಂದು ರೆಕ್ಕೆಚಕ್ರ. ಎರಡೂ ಎದುರುಬದುರು ತಿರುಗುತ್ತಿದ್ದವು, ನಿಮ್ಮ ಆಟಿಕೆಯ ಹಾಗೆಯೇ.

ರೆಕ್ಕೆಯ ಬುಡದ ಸ್ಕ್ರೂ ಸಡಿಲವಿದೆ ಎಂದು ಬಿಗಿ ಮಾಡಲು ಹೋಗಬೇಡಿ. ಅದು ಸಡಿಲವೇ ಇರಬೇಕು! ಹೆಲಿಕಾಪ್ಟರನ್ನು ಓರೆ ಹಿಡಿದರೆ ರೆಕ್ಕೆ ತಾನಾಗಿ ಜೋತುಬೀಳಬೇಕು. ಸುತ್ತುವ ವೇಗವೇ ಅದನ್ನು ನೆಟ್ಟಗೆ ಎಳೆದು ನಿಲ್ಲಿಸುತ್ತದೆ. ಕುರ್ಚಿಗೆ ತಾಗಿದಾಗ ಮಡಚಿಕೊಂಡು ಬದುಕುತ್ತದೆ. ಬಿಗಿ ಮಾಡಿದಿರೋ, ಮುರಿಯುತ್ತದೆ.

ರೆಕ್ಕೆ ಬದಲಿಸುವಾಗ ಕಣ್ಣು ಚುರುಕಾಗಿರಲಿ. ಮೇಲಿನ ಜೋಡಿ ಬೇರೆ, ಕೆಳಗಿನ ಜೋಡಿ ಬೇರೆ! ಹಲವು ಮಾದರಿಗಳಲ್ಲಿ ರೆಕ್ಕೆಯ ಬುಡದ ಹತ್ತಿರ 'ಎ', 'ಬಿ' ಎಂದು ಕಂಡೂ ಕಾಣದಷ್ಟು ಚಿಕ್ಕದಾಗಿ ಅಚ್ಚು ಹಾಕಿರುತ್ತಾರೆ. ಅದಲುಬದಲಾದರೆ ರೆಕ್ಕೆ ಜೋರಾಗಿಯೇ ಸುತ್ತುತ್ತದೆ, ಹೆಲಿಕಾಪ್ಟರ್ ಮಾತ್ರ ಏಳುವುದಿಲ್ಲ!

ಇನ್ನು ಬಾಲದ ಫ್ಯಾನು ಮೊಂಡು ಹಿಡಿದರೆ ಮೋಟರು ಸುಟ್ಟಿತೆಂದು ಅಳಬೇಡಿ. ದೀಪದ ಕೆಳಗೆ ಹಿಡಿದು ನೋಡಿ. ನೆಲದ ಮೇಲೆ ಬಿದ್ದಿದ್ದ ಒಂದೇ ಒಂದು ತಲೆಗೂದಲು ಆ ಸೂಜಿಯಂಥ ಕಡ್ಡಿಗೆ ಸುತ್ತಿಕೊಂಡು ಕೂತಿರುತ್ತದೆ. ಚಿಮಟದಿಂದ ಎಳೆದು ತೆಗೆಯಿರಿ. ಫ್ಯಾನು ಮತ್ತೆ ಗುಂಯ್!

ಏನಾದರೂ ಬಡಿಯುತ್ತದೆ ಅನ್ನಿಸಿದ ಕ್ಷಣವೇ ಎಡಗೈ ಸ್ಟಿಕ್ಕನ್ನು ಪೂರ್ತಿ ಕೆಳಗೆ ಎಳೆದುಬಿಡಿ. 40 ಗ್ರಾಮಿನ ವಸ್ತು ಬಿದ್ದರೆ ಹೆಚ್ಚೇನೂ ಆಗದು. ಸೋಫಾದ ಸಂದಿಗೆ ಸಿಕ್ಕಿದ ಮೇಲೂ ರೆಕ್ಕೆ ಸುತ್ತುತ್ತಿದ್ದರೆ ಮಾತ್ರ ಹಲ್ಲುಚಕ್ರ ಸವೆಯುತ್ತದೆ, ಮೋಟರು ಸುಡುತ್ತದೆ.

ಬಾಲ ನಿಮ್ಮ ಕಡೆಗಿದ್ದಷ್ಟು ಹೊತ್ತು ಎಲ್ಲ ಸಲೀಸು. ಮೂಗು ನಿಮ್ಮ ಕಡೆ ತಿರುಗಲಿ, ಜಗತ್ತೇ ಕನ್ನಡಿಯಾಗುತ್ತದೆ! ಎಡಕ್ಕೆ ಒತ್ತಿದರೆ ಅದು ನಿಮ್ಮ ಬಲಕ್ಕೆ ಹೋಗುತ್ತದೆ. ಹೆಲಿಕಾಪ್ಟರಿನ ದೃಷ್ಟಿಯಲ್ಲಿ ಅದು ಎಡವೇ. ತಲೆಯೊಳಗೆ ನೀವೇ ಒಳಗೆ ಕೂತ ಪೈಲಟ್ ಎಂದುಕೊಳ್ಳಿ, ಗೊಂದಲ ಅರ್ಧ ಇಳಿಯುತ್ತದೆ.

ಕೈ ಕುದುರಿದ ಮೇಲೆ ಟೀಪಾಯಿಯ ಮೇಲೆ ಇಳಿಸಿ ನೋಡಿ. ನೆಲದ ಮೇಲಿಂದ ನಿಧಾನವಾಗಿ, ಟೀಪಾಯಿಗಿಂತ ನಾಲ್ಕು ಬೆರಳಷ್ಟೇ ಎತ್ತರದಲ್ಲಿ ಬನ್ನಿ. ಅಂಚು ದಾಟಿದ್ದೇ ತಡ, ನೀವು ಏನೂ ಮಾಡದೆಯೇ ಹೆಲಿಕಾಪ್ಟರ್ ಚಂಗನೆ ಮೇಲೇಳುತ್ತದೆ! ಅಡಿಯಲ್ಲಿ ಹಠಾತ್ತನೆ ಹಲಗೆ ಬಂದು ರೆಕ್ಕೆಯ ಗಾಳಿಗೆ ಆನಿಕೆ ಸಿಕ್ಕಿತಲ್ಲ! ಆಗ ಸ್ಟಿಕ್ಕನ್ನು ಒಂದು ಕೂದಲೆಳೆಯಷ್ಟು ಇಳಿಸಿ. ಕೂತಿತು ನೋಡಿ!